ದೋಣಿಯಜ್ಜಿಯ ದನಿ

ಟಯರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಗುಬ್ಬಿ ಆ ಇಮೇಲನ್ನು ಓದಿ ಮುಗಿಸಿದಳು, ಮತ್ತೆ ಮೊದಲಿನಿಂದ ಓದಿದಳು. ಪ್ರಕಾಶಕ ಕಂಪನಿಯ ಪರವಾನಗಿ ವಿಭಾಗದಿಂದ ಬಂದದ್ದು, ಬಹಳ ವಿನಯದ ಬರವಣಿಗೆ. ಅವಳು ಮಾಡಿದ ವಿಡಿಯೋ ಗೇಮನ್ನು ಈ ತಿಂಗಳ ಕೊನೆಗೆ ಎಲ್ಲ ಡಿಜಿಟಲ್ ಅಂಗಡಿಗಳಿಂದ ತೆಗೆಯುತ್ತಾರಂತೆ. ಇಷ್ಟು ಕಾಲದ ಸಹಕಾರಕ್ಕೆ ವಂದನೆಗಳಂತೆ. ಕಾರಣ ಮಾತ್ರ ಒಂದೇ ಸಾಲು: ಆಟದಲ್ಲಿರುವ ಧ್ವನಿಯ ಒಪ್ಪಂದದ ಅವಧಿ ಮುಗಿಯುತ್ತಿದೆ.

ಕೆಳಗೆ ಗಾಳಿಯ ಯಂತ್ರ ಬುಸುಗುಟ್ಟಿ ನಿಂತಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಗಿ ಅಂಗಡಿಯ ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಕೋಣೆಯ ಮಾಲೀಕರೂ ಅವರೇ. ಬೀದಿಯವರೆಲ್ಲ ಅವರನ್ನು ಟಯರಿನವರು ಎಂದೇ ಕರೆಯುತ್ತಿದ್ದರು. ಗಿರಾಕಿ ಇಲ್ಲದಾಗ ಮೇಲೆ ಬಂದು ಗುಬ್ಬಿಯ ಪರದೆಯನ್ನು ಇಣುಕುವುದು ಅವರಿಗೆ ಹಳೆಯ ಚಟ.

"ಏನಮ್ಮ, ಮುಖ ಯಾಕೆ ಹಿಂಗಾಗಿದೆ?"

"ನನ್ನ ಆಟನ ಅಂಗಡಿಯಿಂದ ತೆಗಿತಾರಂತೆ."

"ಯಾಕೆ, ಖಾಲಿ ಆಯ್ತಾ?"

"ಖಾಲಿ ಆಗೋ ಸಾಮಾನಲ್ಲ ಅದು. ಎಷ್ಟು ಜನ ತಗೊಂಡ್ರೂ ಇದ್ದಷ್ಟೇ ಇರತ್ತೆ."

"ಕೆಟ್ಟು ಹೋಯ್ತಾ ಹಾಗಾದ್ರೆ?"

"ಕೆಡೋದೂ ಇಲ್ಲ."

"ಕೊಳ್ಳೋರಿಲ್ವಾ?"

"ಇದ್ದಾರೆ. ನಿನ್ನೆನೂ ಯಾರೋ ತಗೊಂಡ್ರು."

ಟಯರಿನವರು ಕೈಯ ಕಪ್ಪನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಖಾಲಿ ಆಗಲ್ಲ, ಕೆಡಲ್ಲ, ಕೊಳ್ಳೋರಿದ್ದಾರೆ. ಅಂಥ ಟಯರು ನನ್ನ ಹತ್ರ ಒಂದಿದ್ದಿದ್ರೆ ಬೆಳಗ್ಗೆ ಸಂಜೆ ಅದಕ್ಕೆ ಕೈ ಮುಗಿತಿದ್ದೆ. ಇವರಿಗೇನು ತಲೆಗಿಲೆ ಕೆಟ್ಟಿದೆಯಾ?"

ಗುಬ್ಬಿ ಅವರಿಗೆ ತಿಳಿಯುವ ಹಾಗೆ ಹೇಳಿದಳು. ಹೊರಗಿನಿಂದ ನೋಡುವವರಿಗೆ ಆಟ ಎನ್ನುವುದು ಇಡೀ ಒಂದು ವಸ್ತು. ಒಳಗೆ ನೋಡಿದರೆ ನಾಲ್ಕು ಮನೆಯಿಂದ ಎರವಲು ತಂದದ್ದು. ಅಕ್ಷರಗಳ ರೂಪ ಒಬ್ಬರದು, ಹಕ್ಕಿಯ ಕೂಗನ್ನು ಧ್ವನಿಮುದ್ರಿಸಿದವರು ಇನ್ನೊಬ್ಬರು, ಸಂಗೀತ ಮತ್ತೊಬ್ಬರದು. ಒಂದೊಂದಕ್ಕೂ ಒಂದೊಂದು ಗಡುವು. ನಿಜವಾದ ಕಾರುಗಳನ್ನು ಇಟ್ಟುಕೊಂಡ ಆಟ ಕಾರಿನ ಕಂಪನಿಯವರ ಒಪ್ಪಿಗೆ ಮುಗಿದ ದಿನ ಮಾಯವಾಗುತ್ತದೆ. ಹಾಡು ಇಟ್ಟುಕೊಂಡದ್ದು ಹಾಡಿನವರು ಬೇಡವೆಂದ ದಿನ ಹೋಗುತ್ತದೆ. ಕೆಲವು ಕಡೆ ಮಾಡಿದ ಕಂಪನಿಯೇ ಮುಚ್ಚಿಹೋಗಿ, ಹಕ್ಕು ಯಾರ ಕೈಯಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಮಾರಲು ಯಾರಿಗೂ ಧೈರ್ಯವಿಲ್ಲ. ಅಕ್ಷರದ ಗಡುವು ಬಂದಾಗ ಅವಳು ಬೇರೆ ಅಕ್ಷರ ಹಾಕಿ ಪಾರಾಗಿದ್ದಳು. ಹಕ್ಕಿಯ ಗಡುವು ಬಂದಾಗ ಹಕ್ಕಿಯನ್ನೇ ಹಾರಿಸಿಬಿಟ್ಟಿದ್ದಳು.

"ಈ ಸಲ ಏನು ಗಡುವು?"

"ಚಿಕ್ಕಮ್ಮನ ದನಿ."

"ಸ್ವಂತ ಚಿಕ್ಕಮ್ಮನಾ? ಅಯ್ಯೋ, ಅದಕ್ಕೆ ಹಿಂಗೆ ಕೂತಿದ್ಯಾ! ಹೋಗಿ ಒಂದು ಸಹಿ ಹಾಕಿಸ್ಕೊಂಡು ಬಾ." ಟಯರಿನವರು ತಾವೇ ಸಮಸ್ಯೆ ಬಿಡಿಸಿದ ಸಮಾಧಾನದಲ್ಲಿ ಇಳಿದು ಹೋದರು. ಗುಬ್ಬಿಗೂ ಆ ಕ್ಷಣಕ್ಕೆ ಹಾಗೇ ಅನಿಸಿತು.

ಗುಬ್ಬಿ ಎಂದು ಹೆಸರಿಟ್ಟದ್ದೂ ಚಿಕ್ಕಮ್ಮನೇ. ಅಮ್ಮ ಆಸ್ಪತ್ರೆಯ ಪಾಳಿ ಕೆಲಸಕ್ಕೆ ಹೋದಾಗಲೆಲ್ಲ ಮಗುವನ್ನು ತಂಗಿಯ ಹತ್ತಿರ ಬಿಡುತ್ತಿದ್ದಳು. ಚಿಕ್ಕಮ್ಮ ನಾಟಕದ ನಟಿ. ತಾಲೀಮಿನ ನಡುವೆ ಒಂದು ಕಡೆ ನಿಲ್ಲದೆ ಕುಪ್ಪಳಿಸುತ್ತಿದ್ದ ಮಗುವಿಗೆ ಆ ಹೆಸರು ಅಂಟಿಕೊಂಡು, ನಲವತ್ತು ದಾಟಿದರೂ ಬಿಟ್ಟಿರಲಿಲ್ಲ. ರಂಗಮಂದಿರದ ಕೊನೆಯ ಸಾಲಿನಲ್ಲಿ ಕೂತವನಿಗೂ ಕಿವಿಯಲ್ಲೇ ಹೇಳಿದಂತೆ ಕೇಳಿಸುವ ದನಿ ಚಿಕ್ಕಮ್ಮನದು. ಗುಬ್ಬಿ ಆಟ ಮಾಡಲು ಹೊರಟಾಗ ಮೊದಲು ಹೊಳೆದದ್ದು ಚಿತ್ರವೂ ಅಲ್ಲ, ಕಥೆಯೂ ಅಲ್ಲ. ಆ ದನಿ.

ಆಟ ಇಷ್ಟೇ. ಅಗಲವಾದ ಒಂದು ಹೊಳೆ, ಅದರ ಮೇಲೆ ಒಂದು ದೋಣಿ. ಆಡುವವರು ಹೊಸದಾಗಿ ಕೆಲಸಕ್ಕೆ ಸೇರಿದ ಅಂಬಿಗರು. ದೋಣಿಯ ಹಿಂಬದಿಯಲ್ಲಿ ಹಳೆಯ ಅಂಬಿಗಿತ್ತಿಯಾದ ಅಜ್ಜಿಯೊಬ್ಬಳು ಕೂತಿರುತ್ತಾಳೆ. ತೋಳಿನಲ್ಲಿ ಕಸುವಿಲ್ಲ, ಬಾಯಿಗೇನೂ ಕೊರತೆಯಿಲ್ಲ. ಹತ್ತುವವರ ಕಥೆ ಹೇಳುತ್ತಾಳೆ, ಹುಟ್ಟು ಹಾಕುವುದನ್ನು ಕಲಿಸುತ್ತಾಳೆ, ತಪ್ಪಿದರೆ ಬೈಯುತ್ತಾಳೆ. ಜನ ಆಟಕ್ಕಿಂತ ಅಜ್ಜಿಯ ಬೈಗುಳಕ್ಕೇ ಮರುಳಾದರು. ಆಗ ಚಿಕ್ಕಮ್ಮನಿಗೆ ಐವತ್ತೂ ಆಗಿರಲಿಲ್ಲ. ರಂಗಮಂದಿರದ ಉಡುಪಿನ ಕೋಣೆಯಲ್ಲಿ, ರಾಜರ ದಪ್ಪ ನಿಲುವಂಗಿಗಳ ನಡುವೆ ನಿಂತು, ಬೆನ್ನು ಬಾಗಿಸಿ, ತುಟಿ ಒಳಗೆಳೆದುಕೊಂಡು ಎಂಬತ್ತರ ಮುದುಕಿಯಾಗಿದ್ದಳು. ಅಷ್ಟು ಬಟ್ಟೆಯ ನಡುವೆ ಹೊರಗಿನ ಸದ್ದು ಸುಳಿಯುತ್ತಿರಲಿಲ್ಲ. ಆಟದ ಕೋಡ್ ಬರೆಯುತ್ತಿದ್ದ ಗೆಳೆಯ ಬೋಲ್ಟು ಬಾಗಿಲ ಹೊರಗೆ ಮೂಗು ಹಿಡಿದುಕೊಂಡು ನಿಂತಿರುತ್ತಿದ್ದ, ಎಲ್ಲಿ ಸೀನು ಬರುವುದೋ ಎಂದು.

ಆಟವನ್ನು ಪ್ರಕಟಿಸಿದ್ದು ಗಂಡ ಹೆಂಡತಿ ಸೇರಿ ನಡೆಸುತ್ತಿದ್ದ ಒಂದು ಸಣ್ಣ ಕಂಪನಿ. ಗುಬ್ಬಿ ಕಣ್ಣು ಮುಚ್ಚಿ ಸಹಿ ಹಾಕಿದ್ದಳು: ಮಾರುವ ಹಕ್ಕು ಎಂದೆಂದಿಗೂ ಅವರದೇ. ಚಿಕ್ಕಮ್ಮನ ದನಿಗೆ ಮಾತ್ರ ಗಡುವು ಹಾಕಿ ಬೇರೆ ಪತ್ರ ಮಾಡಿದ್ದರು. ಆ ಸಣ್ಣ ಕಂಪನಿಯನ್ನು ದೊಡ್ಡದೊಂದು ನುಂಗಿತು, ಅದನ್ನು ಇನ್ನೂ ದೊಡ್ಡದು ನುಂಗಿತು. ಗುಬ್ಬಿ ಎರಡನೆಯ ಆಟದ ಯೋಚನೆ ತೆಗೆದುಕೊಂಡು ಹೋದಲ್ಲೆಲ್ಲ "ಇದರಲ್ಲಿ ಅಜ್ಜಿ ಇದ್ದಾಳಾ?" ಎಂದು ಕೇಳಿದರು. ಅಜ್ಜಿಯನ್ನು ಬೇರೆ ಕಡೆ ಕೂರಿಸುವಂತಿರಲಿಲ್ಲ, ಅವಳೂ ಪತ್ರದೊಳಗೆ ಸೇರಿದ್ದಳು. ಹೀಗೆ ವರ್ಷಗಟ್ಟಲೆ ಗುಬ್ಬಿ ಅದೇ ಹೊಳೆಯ ಸಣ್ಣಪುಟ್ಟ ರಿಪೇರಿ ಮಾಡುತ್ತಾ, ಆಡುವವರ ಕಾಗದಗಳಿಗೆ ಉತ್ತರ ಬರೆಯುತ್ತಾ ಟಯರ್ ಅಂಗಡಿಯ ಮೇಲೆ ಉಳಿದುಬಿಟ್ಟಿದ್ದಳು.

ಚಿಕ್ಕಮ್ಮನ ದನಿ ಈಗ ಆಟದಲ್ಲಷ್ಟೇ ಇತ್ತು. ಕೆಲವು ವರ್ಷದ ಹಿಂದೆ ಕತ್ತಿನ ಗ್ರಂಥಿಯ ಶಸ್ತ್ರಚಿಕಿತ್ಸೆಯಾದಾಗ ಗಂಟಲಿನ ಒಂದು ನರಕ್ಕೆ ಪೆಟ್ಟು ಬಿದ್ದು, ಉಳಿದದ್ದು ಗಾಳಿ ಬೆರೆತ ಒಂದು ಪಿಸುದನಿ. ವೇದಿಕೆ ಹೋಯಿತು. ರಂಗಮಂದಿರದವರು ಕೈ ಬಿಡಲಿಲ್ಲ, ಅದೇ ಉಡುಪಿನ ಕೋಣೆಯ ಜವಾಬ್ದಾರಿ ಕೊಟ್ಟರು. ಈಗ ಅವಳು ಅಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು, ಕಿತ್ತ ಗುಂಡಿ ಹೊಲಿಯುತ್ತಿದ್ದಳು.

ಮರುದಿನ ಗುಬ್ಬಿ ಕಂಪನಿಯ ಕಚೇರಿಗೆ ಹೋದಳು. ಗಾಜಿನ ಕೋಣೆಯಲ್ಲಿ ಪರವಾನಗಿ ಅಧಿಕಾರಿ ಎದ್ದು ನಿಂತು ಕುರ್ಚಿ ತೋರಿಸಿದ. ಕಣ್ಣ ಕೆಳಗೆ ಕಪ್ಪು ಕಟ್ಟಿದ, ಒಳ್ಳೆಯ ಮಾತಿನ ಮನುಷ್ಯ.

"ಮೇಡಂ, ನಿಮ್ಮ ಆಟ ನಾನೂ ಆಡಿದ್ದೀನಿ. ಅಜ್ಜಿ ಹತ್ರ ಚೆನ್ನಾಗಿ ಬೈಸ್ಕೊಂಡಿದ್ದೀನಿ."

"ಹಾಗಾದ್ರೆ ತೆಗೀಬೇಡಿ. ಚಿಕ್ಕಮ್ಮ ಸಹಿ ಹಾಕ್ತಾಳೆ, ಹಳೇ ಪತ್ರನೇ ಮುಂದುವರಿಸಿ."

"ಹಳೇ ನಮೂನೆ ಈಗ ಇಲ್ಲ. ಎಲ್ಲರಿಗೂ ಇದೇ." ಅವನು ಒಂದು ಪತ್ರವನ್ನು ಮುಂದೆ ಸರಿಸಿದ.

ಈ ಸಲ ಗುಬ್ಬಿ ಕಣ್ಣು ಬಿಟ್ಟೇ ಓದಿದಳು. ಈಗಾಗಲೇ ಮುದ್ರಿಸಿದ ದನಿ ಮಾತ್ರವಲ್ಲ, ಆ ದನಿಯಿಂದ ಯಂತ್ರ ಹುಟ್ಟಿಸುವ ಎಲ್ಲ ಹೊಸ ಮಾತುಗಳೂ ಕಂಪನಿಯವೇ. ಯಾವ ಆಟಕ್ಕೆ ಬೇಕಾದರೂ, ಯಾವ ಜಾಹೀರಾತಿಗೆ ಬೇಕಾದರೂ. ಗಡುವಿಲ್ಲ.

"ಯಂತ್ರ ಅಂದ್ರೆ?"

ಅಧಿಕಾರಿ ಸ್ವಲ್ಪ ಹಿಂಜರಿದು ತನ್ನ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. "ಒಳಗಿನ ಪ್ರಯೋಗ ಅಷ್ಟೇ, ಹೊರಗೆ ಹೋಗಿಲ್ಲ" ಎಂದು ಒಂದು ಗುಂಡಿ ಒತ್ತಿದ.

"ನಿಮ್ಮ ಚಂದಾ ಇವತ್ತಿಗೆ ಮುಗಿಯುತ್ತೆ, ಮಗಾ" ಎಂದಿತು ಅಜ್ಜಿಯ ದನಿ. "ತಡ ಮಾಡಬೇಡ, ಈಗಲೇ ನವೀಕರಿಸು."

ಚಿಕ್ಕಮ್ಮ ಎಂದೂ ಆಡದ ಮಾತು. ಆದರೂ ಆ 'ಮಗಾ' ಎನ್ನುವಾಗಿನ ಸಣ್ಣ ಎಳೆತ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಸಹಿ ಹಾಕದೇ ಇದ್ರೆ ಆಟನ ನನಗೇ ವಾಪಸ್ ಕೊಟ್ಬಿಡಿ" ಎಂದಳು ಗುಬ್ಬಿ. "ನಾನೇ ಎಲ್ಲಾದ್ರೂ ಇಟ್ಕೋತೀನಿ."

"ವಾಪಸ್ ಕೊಡೋಕೆ ನಮ್ಮಲ್ಲಿ ವಿಭಾಗನೇ ಇಲ್ಲ ಮೇಡಂ. ತೆಗೆಯೋಕಿದೆ, ಕೊಡೋಕಿಲ್ಲ." ಅವನು ತಮಾಷೆಗೆ ಹೇಳಿದ್ದಲ್ಲ. "ನಾನು ಮೇಲಿನವರನ್ನ ಎರಡು ಸಲ ಕೇಳಿದೆ. ಮೂರನೇ ಸಲ ಕೇಳಿದ್ರೆ ನನ್ನನ್ನೂ ಪಟ್ಟಿಯಿಂದ ತೆಗಿತಾರೆ."

ಬೋಲ್ಟು ಈಗ ಬಟ್ಟೆ ಒಗೆಯುವ ಯಂತ್ರಗಳ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಊಟದ ಬಿಡುವಿನಲ್ಲಿ ಗೇಟಿನ ಹೊರಗೆ ಬಂದು, ಗೋಡೆಗೊರಗಿ ಎಲ್ಲವನ್ನೂ ಕೇಳಿದ.

"ದನಿ ತೆಗೆದು ಬರೀ ಅಕ್ಷರ ತೋರಿಸಿದ್ರೆ ಆಗಲ್ವಾ?" ಎಂದಳು ಗುಬ್ಬಿ. "ಅಜ್ಜಿ ಮೂಕಿ ಆಗ್ತಾಳೆ, ಆದರೆ ಹೊಳೆ ಉಳಿಯತ್ತೆ."

ಬೋಲ್ಟು ತಲೆ ಕೆರೆದುಕೊಂಡ. "ಒಂದು ವಿಷಯ ನಿನಗೆ ಹೇಳಿರಲಿಲ್ಲ. ಅಜ್ಜಿ 'ಹೂಂ, ಎಳಿ' ಅಂತಾಳಲ್ಲ, ಆ ಸದ್ದು ಮುಗಿದಾಗಲೇ ದೋಣಿ ಮುಂದೆ ಹೋಗೋ ಹಾಗೆ ಕೋಡ್ ಬರೆದಿದ್ದೆ. ಬೇರೆ ಗಡಿಯಾರ ಇಡೋಕೆ ಸೋಮಾರಿತನ. ದನಿ ತೆಗೆದ್ರೆ ದೋಣಿ ಅಲ್ಲಾಡಲ್ಲ."

"ಈಗ ತಿದ್ದು."

"ಎಲ್ಲಿ ತಿದ್ದಲಿ? ನೀನು ಚಿತ್ರ, ಅಕ್ಷರ ಬದಲಾಯಿಸ್ತಿದ್ದೆ ಸರಿ, ಕೋಡ್ ಬರೆದ ಉಪಕರಣ ಈಗಿನ ಯಾವ ಯಂತ್ರದಲ್ಲೂ ತೆರೆಯಲ್ಲ. ಹೋದ ವರ್ಷನೇ ನೋಡಿದ್ದೆ, ಕುತೂಹಲಕ್ಕೆ. ಪೂರ್ತಿ ಹೊಸದಾಗಿ ಕಟ್ಟಬೇಕು."

"ಹೊಸದಾಗಿ ಕಟ್ಟೋಣ ಹಾಗಾದ್ರೆ."

"ಕಟ್ಟಬಹುದು. ಅದನ್ನ ಮಾರೋ ಹಕ್ಕು ಯಾರದು?"

ಗುಬ್ಬಿ ಯಾವ ದಿಕ್ಕಿಗೆ ತಿರುಗಿದರೂ ತಾನೇ ಕಟ್ಟಿದ ಗೋಡೆಗೆ ಹಣೆ ಬಡಿಯುತ್ತಿತ್ತು. ಕಾರ್ಖಾನೆಯ ಗಂಟೆ ಹೊಡೆಯಿತು. ಬೋಲ್ಟು "ಕ್ಷಮಿಸು ಮಾರಾಯ್ತಿ" ಎಂದು ಅವಳ ಭುಜ ತಟ್ಟಿ ಒಳಗೆ ಹೋದ.

ಉಳಿದ ದಾರಿ ಒಂದೇ. ಅವಳು ಪತ್ರವನ್ನು ಚೀಲದಲ್ಲಿಟ್ಟುಕೊಂಡು ರಂಗಮಂದಿರದ ಹಿಂಬಾಗಿಲಿನಿಂದ ಉಡುಪಿನ ಕೋಣೆಗೆ ಹೋದಳು. ಬಿಸಿ ಬಟ್ಟೆಯ ವಾಸನೆ. ಚಿಕ್ಕಮ್ಮ ಒಂದು ಕೆಂಪು ನಿಲುವಂಗಿಯ ಕೊರಳಪಟ್ಟಿಗೆ ಇಸ್ತ್ರಿ ಒತ್ತುತ್ತಿದ್ದಳು. ಗುಬ್ಬಿಯನ್ನು ಕಂಡು ಮುಖವರಳಿಸಿ, ಕಣ್ಣಲ್ಲೇ ಸ್ಟೂಲು ತೋರಿಸಿದಳು. ಮಾತು ಅವಳಿಗೆ ದಣಿವಿನ ಕೆಲಸ, ದಿನದ ಮಾತನ್ನು ಎಣಿಸಿ ಖರ್ಚು ಮಾಡುತ್ತಿದ್ದಳು.

"ಆಟದ ಪತ್ರ ಮುಗೀತಿದೆ ಚಿಕ್ಕಮ್ಮ. ಮತ್ತೆ ಸಹಿ ಹಾಕಬೇಕಂತೆ."

ಇಸ್ತ್ರಿಯನ್ನು ನಿಲ್ಲಿಸಿ ಚಿಕ್ಕಮ್ಮ ಪೆನ್ನಿಗೆ ಕೈ ಚಾಚಿದಳು.

ದಾರಿಯುದ್ದಕ್ಕೂ ಗುಬ್ಬಿ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡು ಬಂದಿದ್ದಳು. ಯಂತ್ರದ ವಿಷಯ, ಜಾಹೀರಾತಿನ ವಿಷಯ, ಗಡುವಿಲ್ಲದ ವಿಷಯ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಅಂಟಿಕೊಂಡಿತು. "ಓದಲ್ವಾ?" ಎಂದಷ್ಟೇ ಕೇಳಿದಳು.

"ನೀನು ಓದಿದ್ಯಲ್ಲ" ಎಂದಿತು ಪಿಸುದನಿ. "ಸಾಕು."

ಸಹಿಯಾಯಿತು. ಚಿಕ್ಕಮ್ಮ ಮತ್ತೆ ಕೊರಳಪಟ್ಟಿಗೆ ಬಾಗಿದಳು. ಗುಬ್ಬಿ ಏನೋ ಕೆಲಸವಿದೆಯೆಂದು ಹೇಳಿ ಹೊರಟಳು. ಬೀದಿಗೆ ಬಂದ ಮೇಲೆ ಕಾಲು ತಾನಾಗಿ ಜೋರಾಯಿತು, ಯಾರೋ ಹಿಂದಿನಿಂದ ಕೂಗಿ ಕರೆಯುತ್ತಾರೇನೋ ಎನ್ನುವ ಹಾಗೆ.

ಪತ್ರವನ್ನು ಕಳಿಸಲು ಅವಳ ಕೈ ಏಳಲಿಲ್ಲ. ಹರಿಯಲೂ ಏಳಲಿಲ್ಲ. ಮೇಜಿನ ಮೇಲೆ ಇಟ್ಟರೆ ಅತ್ತಲೇ ಕಣ್ಣು ಹೋಗುತ್ತಿತ್ತು, ಖಾನೆಯೊಳಗೆ ಇಟ್ಟರೆ ಖಾನೆಯ ಕಡೆ. ಆಡುವವರು ಸುದ್ದಿ ತಿಳಿದು ಬರೆಯತೊಡಗಿದ್ದರು. 'ನಮ್ಮ ತಂದೆ ಕೊನೆಯ ಕಾಲದಲ್ಲಿ ಇದನ್ನೇ ಆಡುತ್ತಿದ್ದರು, ದಯವಿಟ್ಟು ಉಳಿಸಿ' ಎಂದು ಒಬ್ಬರು. 'ದುಡ್ಡಿನಾಸೆಗೆ ನೀವೇ ತೆಗೆಸುತ್ತಿದ್ದೀರಿ' ಎಂದು ಇನ್ನೊಬ್ಬರು. ಗುಬ್ಬಿ ಇಬ್ಬರಿಗೂ ಉತ್ತರ ಬರೆಯಲು ಕೂತಳು, ಇಬ್ಬರಿಗೂ ಬರೆಯಲಿಲ್ಲ. ಟಯರಿನವರು ಬಂದು "ಸಹಿ ಆಯ್ತಾ?" ಎಂದು ಕೇಳಿದರೆ "ಆಯ್ತು" ಎಂದಳು. "ನಾನು ಹೇಳಲಿಲ್ವಾ!" ಎಂದು ಅವರು ಬೀಗಿದರು. ರಾಜರ ಉಡುಪುಗಳ ನಡುವೆ ಬಾಗಿ ನಿಂತವಳ ಚಿತ್ರ ಕಣ್ಣ ಮುಂದೆ ಬಂದಾಗಲೆಲ್ಲ ಜೊತೆಗೇ 'ಚಂದಾ ಮುಗಿಯುತ್ತೆ, ಮಗಾ' ಎನ್ನುವುದೂ ಕಿವಿಯಲ್ಲಿ ಕೇಳುತ್ತಿತ್ತು.

ಕೊನೆಗೆ ಅಧಿಕಾರಿಗೆ ಫೋನು ಮಾಡಿ ಆ ಧ್ವನಿಯ ತುಣುಕನ್ನು ಕಳಿಸಲು ಕೇಳಿದಳು. "ಸಹಿ ಹಾಕೋರು ಅದನ್ನ ಕೇಳೇ ಹಾಕಬೇಕು" ಎಂದಳು. ಅವನು "ನಾನು ಕಳಿಸಿದ್ದು ಅಂತ ಯಾರಿಗೂ ಹೇಳಬೇಡಿ" ಎಂದು ಕಳಿಸಿಕೊಟ್ಟ.

ಅವತ್ತು ಉಡುಪಿನ ಕೋಣೆಯಲ್ಲಿ ಗುಬ್ಬಿ ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಒಪ್ಪಿಸಿದಳು. "ಅವತ್ತೇ ಹೇಳಬೇಕಿತ್ತು ಚಿಕ್ಕಮ್ಮ. ನೀನು ಓದದೇ ಹಾಕ್ತೀಯ ಅಂತ ಗೊತ್ತಿತ್ತು. ಗೊತ್ತಿದ್ದೇ ಬಂದೆ."

ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯ ತಂತಿಯನ್ನು ಕಿತ್ತಿಟ್ಟಳು. ಅವಳ ಮುಖದಲ್ಲಿ ಏನಿದೆಯೆಂದು ಗುಬ್ಬಿಗೆ ತಿಳಿಯಲಿಲ್ಲ. ನಟಿಯ ಮುಖ, ಬೇಡವೆಂದರೆ ಏನನ್ನೂ ತೋರಿಸುತ್ತಿರಲಿಲ್ಲ.

"ಕೇಳಿಸು."

ಗುಬ್ಬಿ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು. ನಿಮ್ಮ ಚಂದಾ ಇವತ್ತಿಗೆ ಮುಗಿಯುತ್ತೆ, ಮಗಾ.

"ಇನ್ನೊಂದ್ಸಲ."

ಮತ್ತೆ ಕೇಳಿದಳು. ಮತ್ತೊಮ್ಮೆ, ಕಣ್ಣು ಮುಚ್ಚಿಕೊಂಡು. ಅವಳ ತುಟಿ ಆ ಮಾತುಗಳ ಜೊತೆ ಅಲ್ಲಾಡುತ್ತಿತ್ತು. "ಉಸಿರು ತಗೊಳ್ಳೋದೇ ಇಲ್ಲ ಇವಳು" ಎಂದು ನಕ್ಕಳು. ನಗು ಕೆಮ್ಮಾಯಿತು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವಳು ಹೇಳಿದ ಮಾತಿಗೆ ಗುಬ್ಬಿ ಸಿದ್ಧಳಾಗಿರಲಿಲ್ಲ.

"ಚೆನ್ನಾಗಿದೆ. ನನಗೆ ಬೇಕು."

"ಏನು ಬೇಕು?"

"ಇದು." ಚಿಕ್ಕಮ್ಮ ಫೋನಿನ ಕಡೆ ಬೆರಳು ತೋರಿಸಿದಳು. ಪಿಸುದನಿ ಅವಸರದಲ್ಲಿ ತುಂಡು ತುಂಡಾಗಿ ಬಂತು. "ನಾನು ಬರೆದಿದ್ದನ್ನ ಇದು ಹೇಳತ್ತಾ? ಅಂಗಡೀಲಿ... ಫೋನಲ್ಲಿ... ಈಗ ಫೋನ್ ಮಾಡಿದ್ರೆ ಜನ ತಮಾಷೆ ಅಂತ ಇಟ್ಬಿಡ್ತಾರೆ. ನಿಮ್ಮಮ್ಮನಿಗಂತೂ ಕಿವಿ ಮಂದ, ನನ್ನ ಮಾತು ಕೇಳೋದೇ ಇಲ್ಲ. ಅಕ್ಕನ ಹತ್ರ ಮಾತಾಡಿ ಎಷ್ಟು ದಿನ ಆಯ್ತು! ಕೇಳು ಅವರನ್ನ. ಕೊಡ್ತಾರಾ?"

ಅಂಥ ಆಸೆಯ ಮುಖವನ್ನು ಗುಬ್ಬಿ ಶಸ್ತ್ರಚಿಕಿತ್ಸೆಯ ನಂತರ ನೋಡಿರಲಿಲ್ಲ. ಬೇಡ ಎನ್ನುವವಳು ಚಿಕ್ಕಮ್ಮ, ಬೇಕು ಎನ್ನುವವಳು ತಾನು ಎಂದುಕೊಂಡಿದ್ದಳು. ಈಗ ಎಲ್ಲ ತಿರುವುಮುರುವಾಗಿತ್ತು. ಅವಳು ಅಲ್ಲಿಂದಲೇ ಅಧಿಕಾರಿಗೆ ಫೋನು ಹಚ್ಚಿ, ಚಿಕ್ಕಮ್ಮನಿಗೂ ಕೇಳುವಂತೆ ಜೋರಾಗಿ ಇಟ್ಟಳು.

"ನಮ್ಮ ಚಿಕ್ಕಮ್ಮ ಸಹಿ ಹಾಕ್ತಾಳೆ. ಆ ಯಂತ್ರದ ದನಿನ ಅವಳು ಮನೇಲಿ ಮಾತಾಡೋಕೆ ಬಳಸಬಹುದಾ? ಅವಳಿಗೆ ಗಂಟಲು ಹೋಗಿದೆ."

"ಮೇಡಂ... ಸಹಿ ಆದ್ಮೇಲೆ ಅದು ಕಂಪನಿ ಸೊತ್ತು. ಬಳಸಬೇಕು ಅಂದ್ರೆ ಅವರು ನಮ್ಮಿಂದ ಪರವಾನಗಿ ತಗೋಬೇಕು. ಮನೆಯೋರಿಗೆ ಕೊಡೋ ಪರವಾನಗಿ ಅಂತ ಇನ್ನೂ ಇಲ್ಲ. ಇನ್ನೊಂದು ವಿಷಯ." ಅವನ ದನಿ ಇಳಿಯಿತು. "ಬೇರೆಯವರ ಹತ್ರ ಇಂಥದ್ದೇ ಮಾಡಿಸ್ಕೊಳ್ಳೋ ಹಾಗೂ ಇಲ್ಲ. ಆ ದನಿ ಒಬ್ಬರ ಹತ್ರ ಮಾತ್ರ ಇರಬೇಕು ಅಂತ ಬರೆದಿದೆ."

ಚಿಕ್ಕಮ್ಮ ಮುಂದೆ ಬಾಗಿ ಫೋನಿಗೆ ಬಾಯಿ ಹತ್ತಿರ ತಂದಳು. ಕತ್ತಿನ ನರ ಉಬ್ಬಿತು. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೇಳಿದಳು: "ನನ್ನ ಗಂಟಲನ್ನ ನಾನೇ ಬಾಡಿಗೆಗೆ ತಗೋಬೇಕಾ?"

"ಏನಂದ್ರಿ? ಸರಿಯಾಗಿ ಕೇಳಿಸ್ತಿಲ್ಲ ಮೇಡಂ" ಎಂದ ಅಧಿಕಾರಿ.

ಗುಬ್ಬಿ ಫೋನನ್ನು ಆರಿಸಿಬಿಟ್ಟಳು.

ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತಳು. ಕೆಂಪು ನಿಲುವಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಇಲ್ಲದ ಸುಕ್ಕುಗಳನ್ನು ಅಂಗೈಯಿಂದ ಸವರುತ್ತಾ ಇದ್ದಳು. ವೇದಿಕೆಯ ಕಡೆಯಿಂದ ಯಾರೋ ಹೊಸ ಹುಡುಗಿ ಮಾತು ಒಪ್ಪಿಸುವುದು ಕೇಳುತ್ತಿತ್ತು. ಅದೇ ಸಾಲನ್ನು ಮತ್ತೆ ಮತ್ತೆ ತಪ್ಪುತ್ತಿದ್ದಳು.

"ನಾನು ಹಾಕದಿದ್ರೆ ನಿನ್ನ ಗತಿ?" ಎಂದಳು ಕೊನೆಗೆ.

"ಏನೋ ಮಾಡ್ತೀನಿ. ಬೋಲ್ಟು ಅವನ ಕಾರ್ಖಾನೇಲಿ ಕೇಳ್ತೀನಿ ಅಂದಿದ್ದಾನೆ."

"ಸಿಟ್ಟು ಬರತ್ತಾ ನನ್ನ ಮೇಲೆ?"

ಗುಬ್ಬಿಗೆ ಸುಳ್ಳು ಹೇಳುವುದು ಬೇಡವೆನಿಸಿತು. "ಬರಬಹುದು. ಈಗ ಬಂದಿಲ್ಲ."

"ನನಗೆ ಬಂದಿದೆ" ಎಂದಳು ಚಿಕ್ಕಮ್ಮ. "ನೀನು ಮೊದಲ ಸಲ ಬಂದು ಸುಮ್ಮನೆ ನಿಂತೆಯಲ್ಲ, ಅದಕ್ಕೆ." ಮತ್ತೆ ಸೇರಿಸಿದಳು, "ಹೋಗತ್ತೆ. ಇವತ್ತಲ್ಲ."

ಪತ್ರವನ್ನು ಅವಳೇ ಈಸಿಕೊಂಡು, ತನ್ನ ಸಹಿಯ ಮೇಲೆ ಅಡ್ಡ ಗೆರೆ ಎಳೆದು ಹಿಂದಕ್ಕೆ ಕೊಟ್ಟಳು.

ತೆಗೆಯುವ ದಿನ ಮಧ್ಯಾಹ್ನ ಚಿಕ್ಕಮ್ಮ ಹೇಳದೆ ಕೇಳದೆ ಟಯರ್ ಅಂಗಡಿಯ ಮೇಲಕ್ಕೆ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದವಳ ಹಿಂದೆ ಟಯರಿನವರು ಅವಳ ಚೀಲ ಹಿಡಿದುಕೊಂಡು ಬಂದಿದ್ದರು. ಸಿಟ್ಟು ಹೋಗಿತ್ತೋ ಇಲ್ಲವೋ, ಆ ಮಾತು ಇಬ್ಬರೂ ಎತ್ತಲಿಲ್ಲ.

"ನನಗೊಂದು ಕೊಡಿಸು" ಎಂದಳು.

ಗುಬ್ಬಿ ಬೆಪ್ಪಾಗಿ ನೋಡಿದಳು. ಇಷ್ಟು ವರ್ಷದಲ್ಲಿ ಚಿಕ್ಕಮ್ಮ ಆ ಆಟವನ್ನು ಒಮ್ಮೆಯೂ ಆಡಿರಲಿಲ್ಲ. ದನಿ ಇದ್ದಾಗ ಅವಳಿಗೆ ಬಿಡುವಿರಲಿಲ್ಲ, ದನಿ ಹೋದ ಮೇಲೆ ಮನಸ್ಸಿರಲಿಲ್ಲ. ಇಬ್ಬರೂ ಕೂತು ಡಿಜಿಟಲ್ ಅಂಗಡಿಯಲ್ಲಿ ಅವಳ ಹೆಸರಿಗೆ ಖಾತೆ ತೆರೆದರು. ಜನ್ಮದಿನ ಕೇಳಿದಾಗ ಚಿಕ್ಕಮ್ಮ ಹತ್ತು ವರ್ಷ ಕಡಿಮೆ ಹಾಕಿಸಿದಳು. "ಆಟದಲ್ಲಿ ನನ್ನ ಮುದುಕಿ ಮಾಡಿದ್ರಲ್ಲ, ಸರಿಹೋಗಲಿ" ಎಂದಳು. ಆಟ ಇಳಿದು ಮುಗಿಯಿತು. ಗುಬ್ಬಿ ಪಕ್ಕದಲ್ಲಿ ಅಂಗಡಿಯ ಪುಟವನ್ನೂ ತೆರೆದಿಟ್ಟುಕೊಂಡಿದ್ದಳು.

ಹೊಳೆ ಬಂತು, ದೋಣಿ ಬಂತು. ಚಿಕ್ಕಮ್ಮ ಗುಂಡಿಗಳನ್ನು ಹಿಡಿದ ರೀತಿಗೆ ದೋಣಿ ಗಿರಗಿರನೆ ತಿರುಗಿ ದಡಕ್ಕೆ ಮೂಗು ತಾಗಿಸಿತು.

"ಏನು ಮಗಾ ಅದು?" ಅಜ್ಜಿಯ ದನಿ ಕೋಣೆ ತುಂಬಿತು. "ಹುಟ್ಟು ಕಣೋ ಅದು, ಕಸಪೊರಕೆ ಅಲ್ಲ! ನೀರು ಗುಡಿಸ್ತಾ ಕೂತ್ರೆ ಯಾವಾಗ ಆ ಕಡೆ ಸೇರೋದು? ಹೂಂ, ಎಳಿ!"

"ನೀನೇ ಎಳಿ" ಎಂದಳು ಚಿಕ್ಕಮ್ಮ ಪಿಸುದನಿಯಲ್ಲಿ. "ಹಿಂದೆ ಕೂತು ಬರೀ ಬಾಯಿ ಮಾಡ್ತಾಳೆ."

ಬಾಗಿಲಲ್ಲಿ ನಿಂತಿದ್ದ ಟಯರಿನವರು ಪರದೆಯನ್ನೊಮ್ಮೆ, ಆ ಪಿಸುದನಿಯ ಹೆಂಗಸನ್ನೊಮ್ಮೆ ನೋಡಿ ಮೆಲ್ಲಗೆ ಇಳಿದು ಹೋದರು.

ದೋಣಿ ಅಂಕುಡೊಂಕಾಗಿ ಹೊಳೆಯ ನಡುವಿಗೆ ಬಂದಾಗ ಅಂಗಡಿಯ ಪುಟ ತಾನಾಗಿ ಹೊಸದಾಯಿತು. ಕೊಳ್ಳುವ ಗುಂಡಿ ಇದ್ದ ಕಡೆ ಬೂದು ಬಣ್ಣದ ಪಟ್ಟಿ: ಈ ವಸ್ತು ಈಗ ಲಭ್ಯವಿಲ್ಲ.

"ಹೋಯ್ತು" ಎಂದಳು ಗುಬ್ಬಿ.

ಚಿಕ್ಕಮ್ಮ ಗಾಬರಿಯಿಂದ ಕೈ ತೆಗೆದಳು. "ಇದೂ ನಿಂತುಹೋಗತ್ತಾ?"

"ಇಲ್ಲ. ತಗೊಂಡೋರ ಹತ್ರ ಇರೋದು ಇರತ್ತೆ. ಈ ಯಂತ್ರ ಕೆಡೋವರೆಗೆ."

ಚಿಕ್ಕಮ್ಮ ಮತ್ತೆ ಗುಂಡಿ ಹಿಡಿದಳು. ಗುಬ್ಬಿ ಅವಳ ಬೆರಳುಗಳನ್ನೇ ನೋಡುತ್ತಾ ಕೂತಳು. ಅಳು ಬರಬಹುದೆಂದುಕೊಂಡಿದ್ದಳು, ಬರಲಿಲ್ಲ. ಬಿಡುಗಡೆಯೂ ಅನಿಸಲಿಲ್ಲ. ಆಟ ಅಂಗಡಿಯಿಂದ ಹೋಗಿತ್ತೇ ಹೊರತು ಅವಳ ಕೈಗೇನೂ ಬಂದಿರಲಿಲ್ಲ. ಮಾರುವ ಹಾಗಿಲ್ಲ, ಹಂಚುವ ಹಾಗಿಲ್ಲ, ಇನ್ನೊಂದು ಹೊಳೆಯ ಮೇಲೆ ಇನ್ನೊಂದು ಅಜ್ಜಿಯನ್ನು ಕೂರಿಸುವ ಹಾಗೂ ಇಲ್ಲ.

ಮುಂದಿನ ತಿಂಗಳಿನಿಂದ ಅವಳು ಬೋಲ್ಟುವಿನ ಕಾರ್ಖಾನೆಗೆ ಹೋಗತೊಡಗಿದಳು. ಬಟ್ಟೆ ಒಗೆಯುವ ಯಂತ್ರದ ಪುಟ್ಟ ಪರದೆಗೆ ಚಿತ್ರ ಬರೆಯುವ ಕೆಲಸ: ಉಣ್ಣೆಗೊಂದು, ಹತ್ತಿಗೊಂದು, ಕೊಳೆ ಜಾಸ್ತಿಯಾದರೆ ಒಂದು. ಟಯರ್ ಅಂಗಡಿಯ ಮೇಲಿನ ಕೋಣೆಯನ್ನು ಬಿಡಬೇಕೆಂದುಕೊಂಡಳು, ಬಿಡಲಿಲ್ಲ. ಆಡುವವರ ಕಾಗದಗಳು ಅಲ್ಲಿಗೇ ಬರುತ್ತಿದ್ದವು. ಯಾವಾಗ ಮತ್ತೆ ಸಿಗುತ್ತದೆ ಎಂದು ಕೇಳುತ್ತಿದ್ದರು. ಗೊತ್ತಿಲ್ಲ ಎಂದು ಬರೆಯುತ್ತಿದ್ದಳು.

ಚಳಿ ಶುರುವಾದಾಗ ಪರವಾನಗಿ ಅಧಿಕಾರಿ ಫೋನು ಮಾಡಿದ. "ಮೇಲಿನವರು ಬದಲಾಗಿದ್ದಾರೆ ಮೇಡಂ. ನಿಮ್ಮ ಆಟನ ಮತ್ತೆ ಇಡೋಣ ಅಂತಿದ್ದಾರೆ."

ಗುಬ್ಬಿ ಕುರ್ಚಿಯಿಂದ ಎದ್ದಳು. "ಪತ್ರ?"

"ಪತ್ರ ಅದೇ." ಅವನು ನಿಟ್ಟುಸಿರು ಬಿಟ್ಟ. "ಇನ್ನು ಮೇಲೆ ವರ್ಷಕ್ಕೊಂದ್ಸಲ ನಿಮ್ಮನ್ನ ಕೇಳಿ ಅಂತ ನನಗೆ ಹೇಳಿದ್ದಾರೆ."

ಅವಳು ಕೆಲಸ ಮುಗಿಸಿ ರಂಗಮಂದಿರಕ್ಕೆ ಹೋದಳು. ಚಿಕ್ಕಮ್ಮ ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಸೈನಿಕನ ಅಂಗಿಯೊಂದಕ್ಕೆ ತೋಳು ಹೊಂದಿಸುತ್ತಿದ್ದಳು. ಗುಬ್ಬಿ ಹೇಳಿದ್ದನ್ನು ಪೂರ್ತಿ ಕೇಳಿ, ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

"ನೀನು ಏನಂದೆ?"

"ನಿನ್ನ ಕೇಳ್ತೀನಿ ಅಂದೆ."

ಚಿಕ್ಕಮ್ಮ ತೋಳನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಒಂದು ಕೈ ತಾನಾಗಿ ಗಂಟಲಿಗೆ ಹೋಗಿತ್ತು.

"ಈ ವರ್ಷ ಬೇಡ ಅಂತ ಹೇಳು" ಎಂದಳು.